ಮೂರು ಗಡಿಯಾರಗಳು

ಹೋದ ವರ್ಷ ವಾಕಡ್‌ನ ಬಾಡಿಗೆ ಮನೆ ಬಿಟ್ಟು ಬಾಣೇರ್ ಕಡೆಗೆ ಬರುವಾಗ, ಅಟ್ಟದ ಮೇಲಿನ ರಟ್ಟಿನ ಪೆಟ್ಟಿಗೆಯೊಂದರಿಂದ ನನ್ನ ಎಂ.ಟೆಕ್ ಥೀಸಿಸ್ ಹೊರಬಿತ್ತು. ಕಪ್ಪು ರೆಕ್ಸಿನ್ ಹೊದಿಕೆ, ಬೆನ್ನಿನ ಮೇಲೆ ಮಾಸಿದ ಬಂಗಾರದ ಅಕ್ಷರ. ಪುಣೆಯಲ್ಲೇ ಹುಟ್ಟಿ, ಕನ್ನಡ ಮರಾಠಿ ಎರಡನ್ನೂ ಒಂದೇ ವಾಕ್ಯದಲ್ಲಿ ಕಲಸಿ ಆಡುವ ಮಗಳು, "ಅಪ್ಪಾ, ಇದು ರದ್ದಿಗೆ ಹಾಕೂದೇನು?" ಎಂದಳು. "ತಡಿ, ಒಮ್ಮೆ ನೋಡ್ತೀನಿ" ಎಂದು ಎತ್ತಿಟ್ಟುಕೊಂಡೆ.

ಇಪ್ಪತ್ತು ವರ್ಷದ ಹಿಂದಿನ ವಿಷಯ. ಬಾಹ್ಯಾಕಾಶ ನೌಕೆಯ ಕಂಪ್ಯೂಟರು ಕೆಟ್ಟರೂ ಕೆಲಸ ನಿಲ್ಲದಂತೆ ಅದನ್ನು ಕಟ್ಟುವುದು ಹೇಗೆ, ಹಾಗೆ ಕಟ್ಟುವ ಹಲವು ಬಗೆಗಳಲ್ಲಿ ಯಾವುದು ಮೇಲೆಂದು ಅಳೆಯುವುದು ಹೇಗೆ ಎಂಬುದು. ಇಂಥದ್ದನ್ನು ಓದಿದವನು ಇಸ್ರೋ ಸೇರಬೇಕಿತ್ತು ಎಂದು ನೀವು ಕೇಳಬಹುದು. ಊರಲ್ಲಿ ಎಲ್ಲರೂ ಕೇಳಿಯಾಗಿದೆ. ಮನೆಯ ಮೇಲೆ ಸಾಲವಿತ್ತು, ಪುಣೆಯ ಕಂಪನಿಯೊಂದರ ಪತ್ರ ಮೊದಲು ಬಂತು, ನಾನು ಹಿಂಜವಡಿಗೆ ಬಂದೆ. ಅಲ್ಲಿಂದಾಚೆ ನೌಕೆಗಳನ್ನು ಟೀವಿಯಲ್ಲಿ ನೋಡಿದ್ದೇ ಹೆಚ್ಚು.

ವಿಷಯ ಕೇಳಲು ಭಾರ, ಒಳಗೆ ಸರಳ. ಮೇಲೆ ಹೋದ ಕಂಪ್ಯೂಟರಿಗೆ ರಿಪೇರಿಯವನಿಲ್ಲ. ಎಲ್ಲಿಂದಲೋ ಬಂದ ವಿಕಿರಣದ ಕಣವೊಂದು ಮೆಮೊರಿಗೆ ಬಡಿದರೆ ಸೊನ್ನೆ ಇದ್ದದ್ದು ಒಂದಾಗುತ್ತದೆ. ಒಂದು ಕಡೆ ಬಿಸಿಲು, ಇನ್ನೊಂದು ಕಡೆ ಕೊರೆಯುವ ಥಂಡಿ. ಆದ್ದರಿಂದ ಒಂದರ ಜಾಗದಲ್ಲಿ ಎರಡೋ ಮೂರೋ ಇಡುತ್ತಾರೆ. ಎರಡನೆಯದನ್ನು ಆರಿಸಿಟ್ಟು, ಮೊದಲನೆಯದು ಸತ್ತ ಮೇಲೆ ಎಬ್ಬಿಸುವುದು ಒಂದು ಬಗೆ. ವಿದ್ಯುತ್ ಉಳಿಯುತ್ತದೆ, ಆದರೆ ಎದ್ದು ಕೆಲಸ ಹಿಡಿಯಲು ಹೊತ್ತು ಬೇಕು. ಮೊದಲನೆಯದು ಸತ್ತಿದೆಯೆಂದು ತೀರ್ಮಾನಿಸುವವರೂ ಬೇಕು. ಎರಡನ್ನೂ ಜೊತೆಗೇ ಓಡಿಸಿದರೆ ಉತ್ತರ ಬೇರೆಯಾದಾಗ ತಪ್ಪಾಗಿದೆ ಎಂದು ಗೊತ್ತಾಗುತ್ತದೆ, ಯಾರದ್ದು ತಪ್ಪು ಎಂದು ಗೊತ್ತಾಗುವುದಿಲ್ಲ. ಮೂರು ಓಡಿಸಿದರೆ ವೋಟು ಹಾಕಿಸಬಹುದು: ಇಬ್ಬರು ಹೇಳಿದ್ದು ಸರಿ, ಮೂರನೆಯವನನ್ನು ಕೈಬಿಡು.

ಥೀಸಿಸ್ಸಿನ ಮೂರನೆಯ ಅಧ್ಯಾಯದಲ್ಲಿ ಇದರ ಲೆಕ್ಕವಿದೆ. ಒಂದು ಕಂಪ್ಯೂಟರು ಯಾನ ಮುಗಿಯುವ ತನಕ ಬಾಳುವ ಸಾಧ್ಯತೆ 0.9 ಇದ್ದರೆ, ಮೂರಿಟ್ಟು ವೋಟು ಹಾಕಿಸಿದಾಗ ಅದು 0.972 ಆಗುತ್ತದೆ. ನೂರಕ್ಕೆ ಹತ್ತು ಸಲ ಸೋಲುತ್ತಿದ್ದದ್ದು ಮೂರು ಸಲಕ್ಕೂ ಕಡಿಮೆಯಾಯಿತು. ಆದರೆ ಒಂದೊಂದರ ಸಾಧ್ಯತೆ 0.5 ಇದ್ದರೆ ಮೂರಿಟ್ಟರೂ 0.5ರಷ್ಟೇ. 0.4 ಇದ್ದರೆ ಮೂರರದ್ದು 0.352, ಒಂದಕ್ಕಿಂತ ಕಡಿಮೆ! ಮೂರರಲ್ಲಿ ಎರಡು ಬದುಕಿರಲೇಬೇಕು ಎಂಬ ಷರತ್ತೇ ಆಗ ಮುಳುವಾಗುತ್ತದೆ. ಕೆಲವು ನಿಮಿಷ ಉರಿದು ಮುಗಿಯುವ ರಾಕೆಟ್ಟಿಗೆ ವೋಟಿನ ಪದ್ಧತಿ ಒಳ್ಳೆಯದು. ವರ್ಷಗಟ್ಟಲೆ ತಿರುಗುವ ನೌಕೆಗೆ, ರಿಪೇರಿಯಿಲ್ಲದೆ ಮೂರನ್ನೂ ಸುಮ್ಮನೆ ಓಡಿಸುತ್ತಿದ್ದರೆ ಅದೇ ಭಾರ. ಈ ಲೆಕ್ಕ ಹಾಕಿದ ರಾತ್ರಿ ಹಾಸ್ಟೆಲ್ ಕೋಣೆಯಲ್ಲಿ ನಾನು ಹಿಗ್ಗಿದ್ದು ನೆನಪಿದೆ.

ಅದೇ ಪುಟದಲ್ಲಿ ಒಂದು ಸಾಲಿತ್ತು: ಘಟಕಗಳ ವೈಫಲ್ಯಗಳು ಪರಸ್ಪರ ಸ್ವತಂತ್ರ ಎಂದು ಭಾವಿಸಲಾಗಿದೆ. ಒಂದು ಕೆಟ್ಟಿದ್ದಕ್ಕೂ ಇನ್ನೊಂದು ಕೆಡುವುದಕ್ಕೂ ಸಂಬಂಧವಿಲ್ಲ ಎಂದು ಅರ್ಥ. ಗೈಡ್ ಅದಕ್ಕೆ ಕೆಂಪು ಪೆನ್ಸಿಲಿನಿಂದ ಗೆರೆ ಎಳೆದು ಪಕ್ಕದಲ್ಲಿ "ಯಾಕೆ?" ಎಂದು ಬರೆದಿದ್ದರು. ಎಲ್ಲರೂ ಹಾಗೆ ಭಾವಿಸಿಕೊಂಡೇ ಲೆಕ್ಕ ಹಾಕುತ್ತಾರೆ ಸರ್, ಇಲ್ಲದಿದ್ದರೆ ಸೂತ್ರ ಕೂಡುವುದಿಲ್ಲ ಎಂದು ಹೇಳಿ ಪಾರಾಗಿದ್ದೆ. ಅವರು ನಕ್ಕು ಸಹಿ ಹಾಕಿದ್ದರು. ಅಂತಿಮ ಪ್ರತಿಯಲ್ಲೂ ಆ ಸಾಲು ಹಾಗೇ ಉಳಿದಿತ್ತು, ಪೆನ್ಸಿಲ್ ಗುರುತಿನ ಹಳೆಯ ಹಾಳೆ ಅದರೊಳಗೆ ಮಡಚಿಕೊಂಡಿತ್ತು. ಈಗ ಓದಿದಾಗ ನಗು ಬರಲಿಲ್ಲ. ಅದಕ್ಕೆ ಕಾರಣ ಎರಡು ವರ್ಷದ ಹಿಂದಿನ ಒಂದು ರಾತ್ರಿ.

ನಾವು ಮೂವರು ಮಕ್ಕಳು. ಅಕ್ಕ ಬೆಳಗಾವಿಯಲ್ಲಿ, ನಾನು ಪುಣೆಯಲ್ಲಿ, ತಮ್ಮ ಬೆಂಗಳೂರಿನಲ್ಲಿ. ಅಪ್ಪ ಹೋದ ಮೇಲೆ ಅವ್ವ ಗದಗಿನ ಮನೆಯಲ್ಲಿ ಒಬ್ಬಳೇ. ಪುಣೆಗೆ ಬಾ ಎಂದರೆ ಬರುತ್ತಾಳೆ, ಹದಿನೈದನೇ ದಿನಕ್ಕೆ "ನಿಮ್ಮ ಎಂಟನೇ ಮಾಳಗಿ ಮ್ಯಾಲೆ ನನಗ ನೆಲಾನ ಸಿಗಂಗಿಲ್ಲ, ಬಸ್ಸಿಗೆ ಹತ್ತಸು" ಎನ್ನುತ್ತಾಳೆ. ಹಾಗಾಗಿ ನಮ್ಮದೊಂದು ವ್ಯವಸ್ಥೆ ಇತ್ತು. ರಾತ್ರಿ ಎಂಟರ ಸುಮಾರಿಗೆ ಮೂವರಲ್ಲಿ ಯಾರಾದರೂ ಫೋನ್ ಮಾಡುವುದು. ಏನಾದರೂ ಇದ್ದರೆ ವಾಟ್ಸಾಪ್ ಗುಂಪಿನಲ್ಲಿ ಹಾಕುವುದು. ಫೋನ್ ಎತ್ತದಿದ್ದರೆ ಪಕ್ಕದ ಮನೆಯ ಕಾಕುಗೆ ಫೋನ್ ಮಾಡುವುದು. ಮೂವರಿದ್ದೇವಲ್ಲ ಎಂಬ ಧೈರ್ಯ. ಒಬ್ಬರು ಮೀಟಿಂಗಿನಲ್ಲಿದ್ದರೆ ಇನ್ನೊಬ್ಬರು ಇರುತ್ತಾರೆ.

ಆ ದಿನ ನನಗೆ ಅಮೆರಿಕದವರ ಜೊತೆ ಕಾಲ್ ಇತ್ತು. ಒಂಬತ್ತೂವರೆಗೆ ಫೋನ್ ಮಾಡಿದೆ, ಎತ್ತಲಿಲ್ಲ. ಮಲಗಿರಬೇಕು ಎಂದುಕೊಂಡೆ. ತಮ್ಮ ಎಂಟಕ್ಕೆ ಮಾಡಿದ್ದ, ಎತ್ತಿರಲಿಲ್ಲ. ಅಣ್ಣನೋ ಅಕ್ಕನೋ ಮಾತಾಡುತ್ತಿರಬೇಕು ಎಂದುಕೊಂಡ. ಅಕ್ಕ ಅಂದು ಮಾಡಲೇ ಇಲ್ಲ, ಇಬ್ಬರು ಗಂಡುಮಕ್ಕಳಿದ್ದಾರಲ್ಲ ಎಂದು. ಪಕ್ಕದ ಮನೆಯ ಕಾಕು ಮಗಳ ಬಾಣಂತನಕ್ಕೆಂದು ವಾರದ ಹಿಂದೆ ಹುಬ್ಬಳ್ಳಿಗೆ ಹೋಗಿದ್ದರು, ಅದು ನಮಗೆ ಗೊತ್ತೇ ಇರಲಿಲ್ಲ. ಗುಂಪಿನಲ್ಲಿ ಯಾರೂ ಏನೂ ಹಾಕಲಿಲ್ಲ. ಯಾರೂ ಏನೂ ಹಾಕದಿದ್ದರೆ ಎಲ್ಲ ಸರಿಯಿದೆ ಎಂದೇ ನಮ್ಮ ಲೆಕ್ಕ.

ಅವ್ವ ಸಂಜೆ ಆರಕ್ಕೆ ಹಿತ್ತಲಿನ ಒಗೆಯುವ ಕಲ್ಲಿನ ಹತ್ತಿರ ಬಿದ್ದಿದ್ದಳು. ಸೊಂಟದ ಮೂಳೆ ಮುರಿದಿತ್ತು. ಫೋನು ಪಡಸಾಲೆಯಲ್ಲಿ ಚಾರ್ಜಿಗೆ ಹಾಕಿದ್ದು ಆಗಾಗ ಹೊಡೆದುಕೊಳ್ಳುವುದು ಅವಳಿಗೆ ಕೇಳುತ್ತಿತ್ತಂತೆ. ಬೆಳಿಗ್ಗೆ ಆರೂಕಾಲಿಗೆ ಹಾಲಿನ ಹುಡುಗ ಬಂದು, ಬಾಗಿಲು ತೆರೆಯದ್ದನ್ನು ಕಂಡು ಗೋಡೆ ಹತ್ತಿ ನೋಡಿದ. ಹನ್ನೆರಡು ತಾಸು. ನಾನು ಹೊರಟಾಗ ಏಳೂವರೆ. ವಾಕಡ್‌ನಲ್ಲಿ ನಮ್ಮ ಕಟ್ಟಡದ ಮುಂದೆ ಹಾಯುವ ಹೆದ್ದಾರಿಯೇ ಹುಬ್ಬಳ್ಳಿಯ ತನಕ ಹೋಗುತ್ತದೆ. ಕಾತ್ರಜ್, ಖಂಬಾಟಕಿ ಘಾಟು, ಸಾತಾರಾ, ಕೊಲ್ಹಾಪುರ. ಕಾಗಲ್ ದಾಟಿ ಮೊದಲ ಕನ್ನಡ ಬೋರ್ಡು ಕಂಡಾಗ ಯಾವಾಗಲೂ ಆಗುವ ಸಂತೋಷ ಅಂದು ಆಗಲಿಲ್ಲ. ಮೂವರು ಮಕ್ಕಳಿದ್ದೂ ಹೀಗಾದದ್ದು ಹೇಗೆ ಎಂಬುದೊಂದೇ ದಾರಿಯುದ್ದಕ್ಕೂ.

ಹೇಗೆ ಎಂಬುದು ಥೀಸಿಸ್ಸಿನ ಆ ಒಂದು ಸಾಲಿನಲ್ಲೇ ಇತ್ತು. ನಾವು ಮೂವರು ಸ್ವತಂತ್ರ ಘಟಕಗಳಾಗಿರಲಿಲ್ಲ. ಮೂವರೂ ಒಂದೇ ಫೋನಿನ ಮೇಲೆ, ಒಬ್ಬರೇ ಕಾಕುವಿನ ಮೇಲೆ, ಇನ್ನೊಬ್ಬರು ನೋಡಿಕೊಳ್ಳುತ್ತಾರೆ ಎಂಬ ಒಂದೇ ನಂಬಿಕೆಯ ಮೇಲೆ ನಿಂತಿದ್ದೆವು.

ಆಕಾಶದ ಕೆಲವು ದೊಡ್ಡ ಸೋಲುಗಳೂ ಹೀಗೇ ಆದವು. 1996ರ ಜೂನ್ 4ರಂದು ಫ್ರೆಂಚ್ ಗಯಾನಾದ ಕೂರೂ ಎಂಬಲ್ಲಿಂದ ಏರಿಯಾನ್-5 ರಾಕೆಟ್ಟು ಮೊದಲ ಸಲ ಹಾರಿತು, ಸುಮಾರು 40 ಸೆಕೆಂಡಿನಲ್ಲಿ ಸಿಡಿಯಿತು. ಅದರಲ್ಲಿ ದಿಕ್ಕು ಅಳೆಯುವ ಎರಡು ಘಟಕಗಳಿದ್ದವು, ಒಂದು ಸತ್ತರೆ ಇನ್ನೊಂದು ಎಂದು. ಎರಡರಲ್ಲೂ ಒಂದೇ ಸಾಫ್ಟ್‌ವೇರು, ಏರಿಯಾನ್-4ರಿಂದ ಎತ್ತಿಕೊಂಡದ್ದು. ಹೊಸ ರಾಕೆಟ್ಟಿನ ವೇಗ ಜಾಸ್ತಿ. ದೊಡ್ಡ ಸಂಖ್ಯೆಯೊಂದು 16 ಬಿಟ್‌ನ ಜಾಗದಲ್ಲಿ ಹಿಡಿಸಲಿಲ್ಲ. ಬ್ಯಾಕಪ್ ಮೊದಲು ಸತ್ತಿತು, ಸೆಕೆಂಡಿನ ಹತ್ತನೇ ಒಂದು ಭಾಗವೂ ಕಳೆಯುವ ಮೊದಲು ಮುಖ್ಯವಾದದ್ದೂ ಅದೇ ಕಾರಣಕ್ಕೆ ಸತ್ತಿತು. ಆ ಲೆಕ್ಕ ಮಾಡುತ್ತಿದ್ದ ಭಾಗಕ್ಕೆ ರಾಕೆಟ್ಟು ನೆಲ ಬಿಟ್ಟ ಮೇಲೆ ಕೆಲಸವೇ ಇರಲಿಲ್ಲ ಎಂಬುದು ಇನ್ನೊಂದು ಸಂಕಟ.

ನಮ್ಮದೇ ಉದಾಹರಣೆ ಬೇಕೆಂದರೆ ನಾವಿಕ್. ಅದರ ಮೊದಲ ಉಪಗ್ರಹ ಐಆರ್‌ಎನ್‌ಎಸ್‌ಎಸ್-1ಎ 2013ರ ಜುಲೈ 1ರಂದು ಹಾರಿತು. ನಾವೆಲ್ಲಿದ್ದೇವೆಂದು ಹೇಳುವ ಉಪಗ್ರಹಕ್ಕೆ ಗಡಿಯಾರವೇ ಜೀವ: ಸೆಕೆಂಡಿನ ನೂರು ಕೋಟಿಯಲ್ಲಿ ಒಂದು ಭಾಗ ತಪ್ಪಿದರೆ ದೂರದ ಲೆಕ್ಕ 30 ಸೆಂಟಿಮೀಟರಿನಷ್ಟು ತಪ್ಪುತ್ತದೆ. ಅದಕ್ಕೇ ಒಂದಲ್ಲ, ಮೂರು ರುಬಿಡಿಯಂ ಪರಮಾಣು ಗಡಿಯಾರಗಳನ್ನು ಇಟ್ಟಿದ್ದರು. ಮೂರೂ ಒಂದೇ ಕಡೆ ತಯಾರಾದವು. ಒಂದರ ಹಿಂದೆ ಒಂದರಂತೆ ಮೂರೂ ಕೆಟ್ಟವು. ಉಪಗ್ರಹದ ಮಿಕ್ಕ ಭಾಗಗಳು ಕೆಲಸ ಮಾಡುತ್ತಿದ್ದರೂ ಸ್ಥಳ ಹೇಳುವ ಕೆಲಸಕ್ಕೆ ಅದು ಉಳಿಯಲಿಲ್ಲ. ಅದರ ಬದಲಿಗೆ 2017ರ ಆಗಸ್ಟ್‌ನಲ್ಲಿ ಕಳಿಸಿದ ಉಪಗ್ರಹ ರಾಕೆಟ್ಟಿನ ಶಾಖಕವಚ ಬಿಚ್ಚಿಕೊಳ್ಳದೆ ಒಳಗೇ ಸಿಕ್ಕಿಬಿತ್ತು. 2018ರ ಏಪ್ರಿಲ್‌ನಲ್ಲಿ ಇನ್ನೊಂದು ಹೋಯಿತು. 2023ರ ಮೇ ತಿಂಗಳಲ್ಲಿ ಹಾರಿದ ಎನ್‌ವಿಎಸ್-01ರಲ್ಲಿ ನಮ್ಮಲ್ಲೇ ಮಾಡಿದ ಗಡಿಯಾರವೂ ಹೋಗಿದೆ. ಮೂರು ಗಡಿಯಾರಗಳ ಆ ಸುದ್ದಿ ಓದಿದ ದಿನ ನಾನು ಆಫೀಸಿನಲ್ಲಿ ದೊಡ್ಡ ಭಾಷಣವನ್ನೇ ಬಿಗಿದಿದ್ದೆ. ಗದಗಿನಲ್ಲಿ ಅಂಥವೇ ಮೂರು ಗಡಿಯಾರಗಳಿವೆ ಎಂದು ಹೊಳೆದಿರಲಿಲ್ಲ.

ಬೇರೆಯದನ್ನು ಇಟ್ಟಲ್ಲಿ ಬಚಾವಾದದ್ದೂ ಇದೆ. 2008ರ ಅಕ್ಟೋಬರ್ 22ರಂದು ಹಾರಿದ ಚಂದ್ರಯಾನ-1ರಲ್ಲಿ ನಕ್ಷತ್ರ ನೋಡಿ ದಿಕ್ಕು ತಿಳಿಯುವ ಸೆನ್ಸರ್ ಕೆಟ್ಟಿತು, ಆಮೇಲೆ ಅದರ ಜೋಡಿಯೂ ಕೆಟ್ಟಿತು. ಇಬ್ಬರೂ ಕಾಯುತ್ತಿದ್ದದ್ದು ಒಂದೇ ಬಿಸಿಲಿನಲ್ಲಿ, ಒಂದೇ ವಿಕಿರಣದಲ್ಲಿ. ಆಗ ಬೆಂಗಳೂರಿನವರು ಜೈರೋಸ್ಕೋಪುಗಳ ನೆರವಿನಿಂದ ದಿಕ್ಕು ಹಿಡಿದು ನೌಕೆಯನ್ನು ನಡೆಸಿದರು. ಜೈರೋಸ್ಕೋಪು ನಕ್ಷತ್ರ ನೋಡುವುದಿಲ್ಲ, ತಾನು ಎಷ್ಟು ತಿರುಗಿದೆ ಎಂಬುದನ್ನಷ್ಟೇ ಬಲ್ಲದು. ಅದೇ ಸುಮಾರಿಗೆ ಕಕ್ಷೆಯನ್ನು 100 ಕಿಲೋಮೀಟರಿನಿಂದ 200ಕ್ಕೆ ಏರಿಸಿದರು. 2009ರ ಆಗಸ್ಟ್ 29ರಂದು ಸಂಪರ್ಕ ಕಡಿಯುವ ತನಕ ಅದು 312 ದಿನ ಬಾಳಿತು. ಎರಡು ವರ್ಷದ ಅಂದಾಜಿಗೆ ಕಡಿಮೆ ನಿಜ. ಆದರೆ ಚಂದ್ರನ ನೆಲದಲ್ಲಿ ನೀರಿನ ಕುರುಹನ್ನು ತೋರಿಸಿದ ಯಾನ ಅದೇ.

ಹಾಗಾದರೆ ಬೇರೆ ಬೇರೆಯವರಿಂದ ಮಾಡಿಸಿದರೆ ಸಾಕೇ? ಅದೂ ಅಷ್ಟು ಸುಲಭವಿಲ್ಲ. ಅಮೆರಿಕದ ಸ್ಪೇಸ್ ಶಟಲ್‌ನಲ್ಲಿ ಐದು ಕಂಪ್ಯೂಟರು. ನಾಲ್ಕರಲ್ಲಿ ಒಂದೇ ಸಾಫ್ಟ್‌ವೇರು, ಐದನೆಯದರಲ್ಲಿ ಬೇರೆ ಸಂಸ್ಥೆಯವರು ಬರೆದದ್ದು. 1981ರ ಏಪ್ರಿಲ್ 10ರಂದು ಮೊದಲ ಹಾರಾಟ ನಿಂತುಹೋದದ್ದು ಆ ಐದನೆಯದು ಉಳಿದ ನಾಲ್ಕರ ಜೊತೆ ತಾಳ ಕೂಡಿಸಿಕೊಳ್ಳಲಾಗದ್ದಕ್ಕೆ. ಎರಡು ದಿನ ಬಿಟ್ಟು ಹಾರಿತು. 1986ರಲ್ಲಿ ನೈಟ್ ಮತ್ತು ಲೆವೆಸನ್ ಎಂಬಿಬ್ಬರು ಪ್ರಕಟಿಸಿದ ಪ್ರಯೋಗ ಇನ್ನೂ ಕಣ್ಣು ತೆರೆಸುವಂಥದ್ದು. ಎರಡು ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳಿಂದ ಒಂದೇ ಕೆಲಸಕ್ಕೆ 27 ಪ್ರೋಗ್ರಾಮುಗಳನ್ನು ಬೇರೆ ಬೇರೆಯಾಗಿ ಬರೆಸಿ, ಹತ್ತು ಲಕ್ಷ ಪರೀಕ್ಷೆ ಮಾಡಿದರು. ಒಬ್ಬರಿಗೊಬ್ಬರು ಮಾತಾಡದೆ ಬರೆದವರೂ ಒಂದೇ ಕಡೆ ತಪ್ಪಿದ್ದರು, ಸ್ವತಂತ್ರವಾಗಿದ್ದರೆ ಎಷ್ಟಾಗಬೇಕೋ ಅದಕ್ಕಿಂತ ಎಷ್ಟೋ ಹೆಚ್ಚು ಸಲ. ಎಲ್ಲರಿಗೂ ಕಷ್ಟವಾಗುವ ಜಾಗ ಒಂದೇ. ಒಂದೇ ಅವ್ವನ ಮಕ್ಕಳಾದ ನಮಗೂ ಹಾಗೆ. ಬೇರೆ ಬೇರೆ ಊರಲ್ಲಿ ಕೂತು ಒಂದೇ ನೆಪ ಹುಡುಕಿದ್ದೆವು.

ಆಸ್ಪತ್ರೆಯ ಕಾರಿಡಾರಿನಲ್ಲಿ ಇನ್ನೊಂದು ವಿಷಯ ಹೊರಬಿತ್ತು. ಅವ್ವನಿಗೆ ಒಂದು ತಿಂಗಳಿಂದ ತಲೆ ಸುತ್ತುತ್ತಿತ್ತು. ಅಕ್ಕನಿಗೆ ಹೇಳಿದ್ದಳು. "ಗಂಡ್ ಹುಡುಗ್ರಿಗೆ ಹೇಳಬ್ಯಾಡ, ಕೆಲಸಾ ಬಿಟ್ಟು ಓಡಿ ಬರ್ತಾವು" ಎಂದು ಆಣೆ ಹಾಕಿಸಿಕೊಂಡಿದ್ದಳು. ನನಗೆ "ಆರಾಮ ಅದೀನಿ, ಉಂಡೇನಿ" ಎನ್ನುತ್ತಿದ್ದಳು. ತಮ್ಮನಿಗೆ ಮೊಣಕಾಲು ಸ್ವಲ್ಪ ನೋವು ಎಂದಷ್ಟೇ ಹೇಳಿದ್ದಳು. ತಮ್ಮ ಸಿಟ್ಟಿನಿಂದ, "ಅಕ್ಕಾ, ನೀನರ ಒಂದ್ ಮಾತ್ ಹೇಳಬೇಕಿತ್ತಲ್ಲ" ಎಂದ. ಅಕ್ಕ ಅಳುತ್ತ ಕೂತಳು.

ನಮ್ಮ ಶಾಸ್ತ್ರದಲ್ಲಿ ಇದಕ್ಕೆ ಬೈಜಾಂಟೈನ್ ದೋಷ ಎನ್ನುತ್ತಾರೆ. ಲ್ಯಾಂಪೋರ್ಟ್ ಮತ್ತು ಇಬ್ಬರು ಸಂಗಡಿಗರು 1982ರಲ್ಲಿ ಬರೆದ ಲೇಖನದಿಂದ ಬಂದ ಹೆಸರು. ಕೆಟ್ಟ ಘಟಕ ಸುಮ್ಮನಾಗಿಬಿಟ್ಟರೆ ಪತ್ತೆ ಸುಲಭ. ಒಬ್ಬರಿಗೆ ಒಂದು, ಇನ್ನೊಬ್ಬರಿಗೆ ಇನ್ನೊಂದು ಹೇಳುತ್ತಿದ್ದರೆ ಕಷ್ಟ. ಒಟ್ಟು ಮೂವರಿದ್ದು ಅವರಲ್ಲೊಬ್ಬರು ಹಾಗೆ ಮಾಡಿದರೆ ಉಳಿದಿಬ್ಬರು ಒಮ್ಮತಕ್ಕೆ ಬರುವ ಖಾತ್ರಿಯಿಲ್ಲ. ನಾಲ್ವರಿದ್ದರೆ ದಾರಿಯಿದೆ, ಆದರೆ ಒಂದು ಷರತ್ತು: ಉಳಿದ ಮೂವರು ತಾವು ಕೇಳಿದ್ದನ್ನು ಬಚ್ಚಿಡದೆ ಒಬ್ಬರಿಗೊಬ್ಬರು ಹೇಳಿಕೊಳ್ಳಬೇಕು. ಅವ್ವ ಮತ್ತು ಮೂವರು ಮಕ್ಕಳು, ಲೆಕ್ಕಕ್ಕೆ ಸರಿಯಾಗಿ ನಾಲ್ವರಿದ್ದೆವು. ಆ ಲೇಖನದಲ್ಲಿ ಸುಳ್ಳು ಹೇಳುವವನು ದ್ರೋಹಿ. ನಮ್ಮ ಮನೆಗಳಲ್ಲಿ ಅದೇ ಕೆಲಸವನ್ನು ಪ್ರೀತಿ ಮಾಡುತ್ತದೆ. ಊರು ಬಿಟ್ಟು ಬಂದ ನಮ್ಮಂಥವರ ಮನೆಗಳಲ್ಲಿ "ಹೇಳಬ್ಯಾಡ" ಎಂಬ ಮಾತು ಎಷ್ಟು ಓಡಾಡುತ್ತದೆ ನೋಡಿ. ನಾವೂ ಅಲ್ಲಿಗೆ ಹೇಳುವುದಿಲ್ಲ. ಕಂಪನಿಯಲ್ಲಿ ಜನರನ್ನು ತೆಗೆಯುತ್ತಿದ್ದ ತಿಂಗಳು ನಾನೂ "ಆರಾಮ ಅದೀನವ್ವಾ" ಎಂದವನೇ.

ಅವ್ವ ಚೇತರಿಸಿಕೊಂಡಳು. ಆಪರೇಷನ್ ಆಯಿತು, ವಾಕರ್ ಹಿಡಿದು ನಡೆಯುತ್ತಾಳೆ. "ಇನ್ನ ಪುಣೆದಾಗ ಇರು" ಎಂದರೆ, "ಬಿದ್ದಾಕಿ ನಾನು, ಅಂಜಿದವ್ರು ನೀವು" ಎಂದಳು. ಗದಗಿಗೇ ವಾಪಸು.

ವ್ಯವಸ್ಥೆ ಬದಲಿಸಿದೆವು. ಮೊದಲ ತಿದ್ದುಪಡಿ, ಸುಮ್ಮನಿದ್ದರೆ ಸರಿಯಿದೆ ಎಂಬ ಅರ್ಥವನ್ನು ತೆಗೆದುಹಾಕಿದ್ದು. ನೌಕೆಯ ಕಂಪ್ಯೂಟರಿನಲ್ಲಿ ವಾಚ್‌ಡಾಗ್ ಟೈಮರ್ ಎಂಬ ಚಿಕ್ಕ ಕಾವಲುಗಾರ ಇರುತ್ತದೆ. ಕಂಪ್ಯೂಟರು ಇಷ್ಟು ಹೊತ್ತಿಗೊಮ್ಮೆ "ಇದ್ದೀನಿ" ಎಂದು ಅದಕ್ಕೆ ತಟ್ಟಬೇಕು. ತಟ್ಟದಿದ್ದರೆ ಅದು ಕಾರಣ ಕೇಳುವುದಿಲ್ಲ, ಏನೋ ಆಗಿದೆ ಎಂದೇ ಹಿಡಿದು ಮುಂದಿನ ಕ್ರಮಕ್ಕೆ ಕೈ ಹಾಕುತ್ತದೆ. ಈಗ ಅವ್ವ ಬೆಳಿಗ್ಗೆ ಆರಕ್ಕೂ ಸಂಜೆ ಏಳಕ್ಕೂ ಮಿಸ್ಡ್ ಕಾಲ್ ಕೊಡುತ್ತಾಳೆ. ಸರದಿಯ ಪ್ರಕಾರ ಒಬ್ಬರಿಗೇ, ಯಾರ ವಾರ ಎಂಬುದು ಅವಳ ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿದೆ. "ಯಾರಾದರೂ" ಎಂಬ ಶಬ್ದ ನಮ್ಮ ಮನೆಯಲ್ಲಿ ರದ್ದಾಗಿದೆ. ಹದಿನೈದು ನಿಮಿಷ ಮೀರಿದರೆ ವಾರದವರು ಫೋನ್ ಮಾಡಬೇಕು. ಎತ್ತದಿದ್ದರೆ ಓಣಿಯಲ್ಲಿ ಮೂವರಿದ್ದಾರೆ. ಹಾಲಿನ ಹುಡುಗ, ಹಿಂದಿನ ಓಣಿಯ ಔಷಧದ ಅಂಗಡಿಯವರು, ಎದುರು ಮನೆಯಲ್ಲಿ ಬಾಡಿಗೆಗಿರುವ ಮೇಷ್ಟ್ರು. ಮೂವರ ಹೊತ್ತು ಬೇರೆ, ಊರಿಗೆ ಹೋಗುವ ದಿನಗಳು ಬೇರೆ, ಒಬ್ಬರಿಗೊಬ್ಬರು ನೆಂಟರಲ್ಲ. ಆಯ್ಕೆ ಮಾಡುವಾಗ ನಾನು ನೋಡಿದ್ದು ಅದನ್ನೇ. ಕಾಕು ಈಗಲೂ ಇದ್ದಾರೆ, ಆದರೆ ಎಲ್ಲವೂ ಅವರ ಮೇಲೆಯೇ ನಿಂತಿಲ್ಲ. ಕೊನೆಯದು, ಅವ್ವ ಹೇಳಿದ್ದನ್ನೆಲ್ಲ ಭಾನುವಾರ ಮೂವರೂ ಒಬ್ಬರಿಗೊಬ್ಬರು ಒಪ್ಪಿಸುವುದು. ಆಣೆಗೆ ಬೆಲೆಯಿಲ್ಲ.

ಇದನ್ನು ಪರಿಹಾರ ಎಂದು ಹೇಳುವ ಧೈರ್ಯ ನನಗಿಲ್ಲ. ಆರಕ್ಕೆ ಕಾಲ್ ಕೊಟ್ಟು ಆರೂಹತ್ತಕ್ಕೆ ಬಿದ್ದರೆ ಸಂಜೆ ಏಳರ ತನಕ ಹಾಲಿನ ಹುಡುಗನೇ ಗತಿ, ಅವನೂ ಬಂದು ಹೋಗಿದ್ದರೆ ಅದೂ ಇಲ್ಲ. ದೋಷ ಸಹಿಸಿಕೊಳ್ಳುವ ಯಂತ್ರ ಎಂದರೆ ದೋಷವೇ ಇಲ್ಲದ ಯಂತ್ರವಲ್ಲ ಎಂದು ಥೀಸಿಸ್ಸಿನ ಮುನ್ನುಡಿಯಲ್ಲಿ ನಾನೇ ಬರೆದಿದ್ದೆ. ಪರೀಕ್ಷೆಗೆಂದು ಬರೆದ ವಾಕ್ಯ.

ಹೋದ ತಿಂಗಳು ನನ್ನ ವಾರ. ಬೆಳಿಗ್ಗೆ ಆರಾಯಿತು, ಆರೂಕಾಲಾಯಿತು, ಕಾಲ್ ಇಲ್ಲ. ನಾನೇ ಮಾಡಿದೆ, ಎತ್ತಲಿಲ್ಲ. ಮೇಷ್ಟ್ರಿಗೆ ಫೋನ್ ಮಾಡಿದೆ, ಔಷಧದ ಅಂಗಡಿಯವರಿಗೂ ಮಾಡಿದೆ, ಕಾರಿನ ಕೀಲಿ ಕೈಗೆ ತಗೊಂಡೆ. ಆರು ನಿಮಿಷದಲ್ಲಿ ಮೇಷ್ಟ್ರ ಫೋನಿನಿಂದ ಅವ್ವನ ದನಿ. ರೀಚಾರ್ಜ್ ಮುಗಿದು ಹೊರಗಿನ ಕಾಲ್ ಹೋಗುತ್ತಿರಲಿಲ್ಲ. ನಾನು ಮಾಡಿದಾಗ ಬಾಗಿಲ ಮುಂದೆ ರಂಗೋಲಿ ಹಾಕುತ್ತಿದ್ದಳು.

"ಏನಪಾ, ಮುಂಜಾನೆದ್ದು ಓಣಿ ಮಂದೀನೆಲ್ಲಾ ನನ್ನ ಬಾಗ್ಲಾಗ ನಿಂದರ್ಸೀದಿ? ಮೇಷ್ಟ್ರು ಬನಿಯನ್ ಮ್ಯಾಲೆ ಓಡಿ ಬಂದಾರ. ನನಗ ನಾಚಿಕಿ ಆತು."

"ತಪ್ಪಾತವ್ವಾ" ಎಂದೆ. ಮೂವರ ರೀಚಾರ್ಜ್ ತಾರೀಖುಗಳ ಜೊತೆ ಅವಳದ್ದನ್ನೂ ಕ್ಯಾಲೆಂಡರಿನಲ್ಲಿ ಬರೆದುಕೊಂಡೆ. ಥೀಸಿಸ್ಸನ್ನು ರದ್ದಿಗೆ ಹಾಕಿಲ್ಲ. ಕೆಂಪು ಪೆನ್ಸಿಲಿನ ಆ ಹಾಳೆಯನ್ನು ಮಾತ್ರ ಹೊರಗೆ ತೆಗೆದು ಮೇಜಿನ ಗಾಜಿನ ಕೆಳಗೆ ಇಟ್ಟಿದ್ದೇನೆ. ಅದರಲ್ಲಿ ಈಗಲೂ ಓದಲು ಬರುವ ಒಂದು ಶಬ್ದವಿದೆ: ಯಾಕೆ?